ರೋಗಿಯ ಹಾಸಿಗೆಯ ಪಕ್ಕದಲ್ಲಿ: ಶುಶ್ರೂಷೆಯ ಮೂಲ ಕೌಶಲಗಳು ಮತ್ತು ಸುರಕ್ಷಿತ ನಿರ್ಧಾರಗಳ ಸಮಗ್ರ ಮಾರ್ಗದರ್ಶಿ

ವಾರ್ಡಿಗೆ ಹೊಸದಾಗಿ ಬಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೈಕೆಲಸ ಕಲಿಯುವ ತವಕ ಹೆಚ್ಚು. ಬಿಪಿ ನೋಡುವುದು, ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ ಹಾಕುವುದು, ಎಲ್ಲವೂ ಅಭ್ಯಾಸದಿಂದ ಕೈಗೆ ಹತ್ತುತ್ತವೆ. ತಡವಾಗಿ ಬರುವುದು ಅದರ ನಂತರದ ವಿವೇಚನೆ. ಬಿಪಿ 98/60 ಬಂತು. ಈಗೇನು ಮಾಡಬೇಕು? ಬರೆದಿಟ್ಟು ಮುಂದಿನ ಹಾಸಿಗೆಗೆ ಹೋಗಬೇಕೇ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕೇ, ಈ ಕ್ಷಣವೇ ವೈದ್ಯರನ್ನು ಕರೆಯಬೇಕೇ? ಕೌಶಲವನ್ನು ಒಂದು ತರಗತಿಯಲ್ಲಿ, ನಿರ್ಧಾರವನ್ನು ಇನ್ನೊಂದು ತರಗತಿಯಲ್ಲಿ ಕಲಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಇಲ್ಲಿರುವ ಅಂಕಿಗಳು ವಯಸ್ಕ ರೋಗಿಗಳಿಗೆ ಸಂಬಂಧಿಸಿದವು. ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಬೇರೆ ಮಿತಿಗಳಿವೆ. ನಿಮ್ಮ ಆಸ್ಪತ್ರೆಯಲ್ಲಿ ಲಿಖಿತ ನಿಯಮಾವಳಿ ಇದ್ದರೆ ಅದನ್ನೇ ಅನುಸರಿಸಿ.

ಡ್ಯೂಟಿ ವಹಿಸಿಕೊಳ್ಳುವಾಗ

ಹಿಂದಿನ ಶಿಫ್ಟಿನವರಿಂದ ವಿವರ ಪಡೆಯುವ ಕೆಲಸ ನರ್ಸ್‌ಗಳ ಕೊಠಡಿಯಲ್ಲಿ ಕುಳಿತು ಮುಗಿಯುವಂಥದ್ದಲ್ಲ. ಇಬ್ಬರೂ ಹಾಸಿಗೆಯ ಬಳಿಯೇ ನಿಂತು ಮಾತನಾಡಿ. ರೋಗಿಯ ಹೆಸರು, ಕಾಯಿಲೆ, ಅಲರ್ಜಿ ಇವು ಕೇಸ್ ಶೀಟಿನಲ್ಲಿ ಸಿಗುತ್ತವೆ. ಕೇಸ್ ಶೀಟಿನಲ್ಲಿ ಸಿಗದ ಮೂರು ವಿಷಯಗಳನ್ನು ಬಾಯಿಬಿಟ್ಟು ಕೇಳಿ: ಕಳೆದ ಕೆಲವು ಗಂಟೆಗಳಲ್ಲಿ ಏನು ಬದಲಾಯಿತು, ಯಾವ ಕೆಲಸ ಬಾಕಿ ಇದೆ, ಈ ರೋಗಿಯ ವಿಷಯದಲ್ಲಿ ನಿಮಗೆ ಆತಂಕವಿದೆಯೇ? ಮೂರನೆಯ ಪ್ರಶ್ನೆಗೆ ಅನುಭವಿ ನರ್ಸ್ ಒಬ್ಬರು "ಅಂಕಿಗಳೆಲ್ಲ ಸರಿಯಾಗಿವೆ, ಆದರೂ ಮಧ್ಯಾಹ್ನದಿಂದ ಅವರು ಮೊದಲಿನಂತಿಲ್ಲ" ಎಂದರೆ ಆ ರೋಗಿಯನ್ನೇ ಮೊದಲು ನೋಡಿ.

ಜೊತೆಯಲ್ಲೇ ಡ್ರಿಪ್ ಬಾಟಲಿ, ಪಂಪಿನ ವೇಗ, ಗಾಯದ ಡ್ರೆಸಿಂಗ್, ಡ್ರೇನ್ (ಗಾಯದ ದ್ರವ ಹೊರಹೋಗಲು ಇಟ್ಟ ನಳಿಕೆ), ಮೂತ್ರದ ಚೀಲ ಇವನ್ನು ಇಬ್ಬರೂ ಕಣ್ಣಾರೆ ನೋಡಿ ಒಪ್ಪಿಸಿಕೊಳ್ಳಿ. ಪಂಪಿನ ವೇಗ ಆದೇಶದಲ್ಲಿ ಇದ್ದಂತೆ ಇಲ್ಲದಿದ್ದರೆ ಅದು ಗೊತ್ತಾಗಬೇಕಾದದ್ದು ಈಗಲೇ, ಹಿಂದಿನವರು ಮನೆಗೆ ಹೋಗುವ ಮೊದಲೇ.

ಕೈ ಸ್ವಚ್ಛತೆ

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ಬೆರೆಸಿದ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ತಂದಾಗ ಬಾಣಂತಿಯರ ಸಾವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಇಷ್ಟು ಹಳೆಯ ಪಾಠವಾದರೂ ಇಂದಿಗೂ ಆಸ್ಪತ್ರೆಯ ಸೋಂಕು ಹರಡುವ ಮುಖ್ಯ ದಾರಿ ಸಿಬ್ಬಂದಿಯ ಕೈಗಳೇ.

ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಗುರುತಿಸಿದೆ: ರೋಗಿಯನ್ನು ಮುಟ್ಟುವ ಮುನ್ನ, ಸೋಂಕುರಹಿತವಾಗಿ ಮಾಡಬೇಕಾದ ಯಾವುದೇ ಕೆಲಸದ ಮುನ್ನ, ರಕ್ತ ಅಥವಾ ದೇಹದ ದ್ರವ ತಗಲಿರಬಹುದಾದಾಗ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಹೆಚ್ಚಾಗಿ ತಪ್ಪುವುದು ಕೊನೆಯದು. ರೋಗಿಯನ್ನು ಮುಟ್ಟದೆ ಮಂಚದ ಕಂಬಿಯನ್ನೋ ಪಂಪಿನ ಗುಂಡಿಯನ್ನೋ ಮುಟ್ಟಿ ಮುಂದಿನ ಹಾಸಿಗೆಗೆ ಹೋಗಿಬಿಡುತ್ತೇವೆ.

ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ ಒರೆಸಿಕೊಳ್ಳುವುದೂ ಸೇರಿ 40ರಿಂದ 60 ಸೆಕೆಂಡು ಬೇಕು. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ಇವೇ ಬಿಟ್ಟುಹೋಗುವ ಜಾಗಗಳು. ಇಲ್ಲಿಯೂ ಒಂದು ನಿರ್ಧಾರವಿದೆ. ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ, ಅಥವಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾಗುತ್ತಿರುವ ರೋಗಿಯಾಗಿದ್ದರೆ ಸೋಪು ನೀರೇ ಆಗಬೇಕು. ಆ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಕೈಗವಸು ಹಾಕಿಕೊಂಡಿದ್ದೇನೆ ಎಂಬ ಕಾರಣಕ್ಕೆ ಕೈ ತೊಳೆಯುವುದನ್ನು ಬಿಡಬೇಡಿ. ಕಳಚಿದ ಕೂಡಲೇ ತೊಳೆಯಿರಿ.

ಮೊದಲ ಒಂದು ನಿಮಿಷ

ಉಪಕರಣಗಳನ್ನು ಮುಟ್ಟುವ ಮೊದಲು ರೋಗಿಯ ಕಡೆ ನೋಡಿ, ಮಾತನಾಡಿಸಿ.

1. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ" ಎಂದು ಕೇಳಿ, ಕೈಪಟ್ಟಿಯೊಂದಿಗೆ ಹೋಲಿಸಿ. ನೀವೇ ಹೆಸರು ಹಿಡಿದು "ನೀವು ಇಂಥವರಲ್ಲವೇ?" ಎಂದು ಕೇಳಿದರೆ ಕಿವಿ ಮಂದವಾದವರೂ ಮಂಪರಿನಲ್ಲಿರುವವರೂ ಹೌದೆಂದು ತಲೆಯಾಡಿಸುತ್ತಾರೆ. ಹಾಸಿಗೆಯ ಸಂಖ್ಯೆಯನ್ನು ಗುರುತಾಗಿ ಬಳಸಬಾರದು. ರೋಗಿಗಳು ಹಾಸಿಗೆ ಬದಲಾಯಿಸುತ್ತಾರೆ.
2. ಉತ್ತರ ಕೊಡುವಾಗಲೇ ಬಹಳಷ್ಟು ತಿಳಿಯುತ್ತದೆ. ಪೂರ್ತಿ ವಾಕ್ಯ ಆಡಿದರೆ ಶ್ವಾಸನಾಳ ತೆರೆದಿದೆ, ಉಸಿರು ಸಾಲುತ್ತಿದೆ. ಎರಡು ಮೂರು ಪದಕ್ಕೊಮ್ಮೆ ನಿಂತು ಉಸಿರೆಳೆದರೆ ಅದೇ ಮೊದಲ ಎಚ್ಚರಿಕೆ. ಉತ್ತರ ಅಸಂಬದ್ಧವಾಗಿದ್ದರೆ, ಅದು ನೆನ್ನೆ ಇರಲಿಲ್ಲವಾದರೆ, ಹೊಸ ಗೊಂದಲವೆಂದು ದಾಖಲಿಸಿ. ವಯಸ್ಸಾಯಿತು, ಹಾಗಾಗಿ ತಡವರಿಸುತ್ತಾರೆ ಎಂದು ತಳ್ಳಿಹಾಕಬೇಡಿ.
3. ಚರ್ಮದ ಬಣ್ಣ, ಬೆವರು, ಕೈಕಾಲಿನ ತಣುಪು ನೋಡಿ.
4. ಮೈಗೆ ಸೇರಿಸಿದ ಪ್ರತಿಯೊಂದು ನಳಿಕೆಯನ್ನೂ ಮೈಯಿಂದ ಆರಂಭಿಸಿ ಬಾಟಲಿ ಅಥವಾ ಚೀಲದವರೆಗೆ ಬೆರಳಿನಿಂದ ಹಿಂಬಾಲಿಸಿ. ಹೊಟ್ಟೆಗೆ ಹೋಗಬೇಕಾದ ಆಹಾರವನ್ನು ರಕ್ತನಾಳದ ನಳಿಕೆಗೆ ಜೋಡಿಸುವಂಥ ಅನಾಹುತ ತಪ್ಪುವುದು ಈ ಅಭ್ಯಾಸದಿಂದ.
5. ಕರೆಗಂಟೆ ಕೈಗೆಟಕುವಂತಿದೆಯೇ, ಮಂಚದ ಬ್ರೇಕ್ ಬಿದ್ದಿದೆಯೇ ನೋಡಿ.

ಈ ಒಂದು ನಿಮಿಷದಲ್ಲಿ ಏನಾದರೂ ಸರಿಯಿಲ್ಲವೆಂದು ಕಂಡರೆ ಮಿಕ್ಕ ಕೆಲಸಗಳ ಪಟ್ಟಿಯನ್ನು ಬದಿಗಿಡಿ. ಶ್ವಾಸನಾಳ, ಉಸಿರಾಟ, ರಕ್ತಪರಿಚಲನೆ, ಪ್ರಜ್ಞೆ, ನಂತರ ಇಡೀ ಮೈ: ಇದೇ ಕ್ರಮದಲ್ಲಿ ಪರೀಕ್ಷಿಸಿ. ಮೊದಲನೆಯದರಲ್ಲಿ ದೋಷ ಕಂಡರೆ ಅದಕ್ಕೆ ಪರಿಹಾರ ಆರಂಭಿಸದೆ ಎರಡನೆಯದಕ್ಕೆ ಹೋಗಬೇಡಿ.

ಪ್ರಾಣಸೂಚಕಗಳು: ಉಸಿರಾಟಕ್ಕೆ ಮೊದಲ ಸ್ಥಾನ

ಚಾರ್ಟುಗಳನ್ನು ತಿರುವಿ ಹಾಕಿದರೆ ಇಡೀ ವಾರ್ಡಿನ ರೋಗಿಗಳೆಲ್ಲ ನಿಮಿಷಕ್ಕೆ ಸರಿಯಾಗಿ 18 ಅಥವಾ 20 ಬಾರಿ ಉಸಿರಾಡುತ್ತಿರುವಂತೆ ಕಾಣುತ್ತದೆ. ಎಣಿಸದೆ ಬರೆದ ಅಂಕಿ ಅದು. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ದೇಹ ಕುಸಿಯಲು ಆರಂಭಿಸಿದಾಗ ಮೊದಲು ಬದಲಾಗುವ ಸೂಚಕಗಳಲ್ಲಿ ಉಸಿರಾಟದ ದರ ಮುಖ್ಯವಾದದ್ದು. ಸೋಂಕು ರಕ್ತಕ್ಕೆ ಹರಡಿದಾಗ, ಒಳಗೆ ರಕ್ತಸ್ರಾವವಾದಾಗ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ, ರಕ್ತ ಆಮ್ಲೀಯವಾದಾಗ ಉಸಿರು ವೇಗವಾಗುತ್ತದೆ. ಬಿಪಿ ಮಾತ್ರ ಬಹಳ ಹೊತ್ತು ಸರಿಯಾಗಿಯೇ ಇರುತ್ತದೆ, ಏಕೆಂದರೆ ಹೃದಯ ವೇಗವಾಗಿ ಬಡಿದು, ರಕ್ತನಾಳಗಳು ಬಿಗಿದುಕೊಂಡು ಅದನ್ನು ಹಿಡಿದು ನಿಲ್ಲಿಸುತ್ತವೆ. ಅದು ಇಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಎಣಿಸುವ ಬಗೆ: ನಾಡಿ ಹಿಡಿದುಕೊಂಡೇ ಇರಿ, ಆದರೆ ಕಣ್ಣು ಎದೆ ಅಥವಾ ಹೊಟ್ಟೆಯ ಮೇಲಿರಲಿ. ಉಸಿರು ಎಣಿಸುತ್ತಿದ್ದೀರಿ ಎಂದು ತಿಳಿದರೆ ರೋಗಿ ಗೊತ್ತಿಲ್ಲದೆಯೇ ಲಯ ಬದಲಿಸುತ್ತಾನೆ. ಎದೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 12ರಿಂದ 20 ಸಹಜ. ಸಂಖ್ಯೆಯ ಜೊತೆಗೆ ಆಳ, ಲಯ, ಕುತ್ತಿಗೆಯ ಸ್ನಾಯುಗಳ ಬಳಕೆ, ಸದ್ದು ಇವನ್ನೂ ಗಮನಿಸಿ. ನಿಮಿಷಕ್ಕೆ 25 ಮುಟ್ಟಿದರೆ ಅಥವಾ 8ಕ್ಕೆ ಇಳಿದರೆ ಬೇರೆಲ್ಲ ಅಂಕಿ ಸರಿಯಿದ್ದರೂ ತುರ್ತಾಗಿ ತಿಳಿಸಿ.

ನಾಡಿಯನ್ನು ತೋರುಬೆರಳು ಮತ್ತು ನಡುಬೆರಳಿನಿಂದ ನೋಡಿ. ಹೆಬ್ಬೆರಳಿನಲ್ಲಿ ನಿಮ್ಮದೇ ನಾಡಿ ಮಿಡಿಯುತ್ತದೆ. 60ರಿಂದ 100 ಸಹಜ. ಲಯ ತಪ್ಪುತ್ತಿದ್ದರೆ ಪೂರ್ತಿ ನಿಮಿಷ ಎಣಿಸಿ, ಸ್ಟೆತಾಸ್ಕೋಪಿನಿಂದ ಎದೆಬಡಿತವನ್ನೂ ಎಣಿಸಿ.

ಬಿಪಿಯಲ್ಲಿ ತಪ್ಪುಗಳು ಆಗುವುದು ಅಳೆಯುವ ಮೊದಲೇ. ಐದು ನಿಮಿಷ ವಿಶ್ರಾಂತಿ, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲಮೇಲೆ ಕಾಲಿಲ್ಲ, ಮಾತಿಲ್ಲ, ತೋಳು ಹೃದಯದ ಮಟ್ಟದಲ್ಲಿ. ತೋಳಿಗೆ ಚಿಕ್ಕದಾದ ಪಟ್ಟಿ ಕಟ್ಟಿದರೆ ಬಿಪಿ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ದೊಡ್ಡದಾದರೆ ಕಡಿಮೆ. ಪಟ್ಟಿಯೊಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ 80 ಶೇಕಡಾದಷ್ಟು, ಅಗಲ 40 ಶೇಕಡಾದಷ್ಟು ಇರಬೇಕು. ಗಾಳಿಯನ್ನು ಸೆಕೆಂಡಿಗೆ 2ರಿಂದ 3 ಮಿಲಿಮೀಟರಿನಂತೆ ಇಳಿಸಿ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳಗಳ ಜೋಡಣೆ) ಮಾಡಿರುವ ತೋಳಿಗೆ ಪಟ್ಟಿ ಕಟ್ಟಲೇಬಾರದು. ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆದಿರುವ ಬದಿಯನ್ನೂ ಬಿಡಿ. ಯಂತ್ರ ವಿಚಿತ್ರ ಅಂಕಿ ತೋರಿಸಿದರೆ ಕೈಯಿಂದ ಅಳೆಯುವ ಉಪಕರಣದಲ್ಲಿ ಮತ್ತೊಮ್ಮೆ ನೋಡಿ. ಯಂತ್ರ ಸರಿಹೋಗುವವರೆಗೆ ಕಾಯುತ್ತಾ ರೋಗಿಯನ್ನು ಮರೆಯಬೇಡಿ.

ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ತಣ್ಣಗಿನ ಬೆರಳು, ಉಗುರುಬಣ್ಣ, ನಡುಕ ಅಡ್ಡಿಮಾಡುತ್ತವೆ. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ. ಕಾರ್ಬನ್ ಮಾನಾಕ್ಸೈಡ್ ವಿಷವೇರಿದವರಲ್ಲಂತೂ ಅದನ್ನು ನಂಬುವಂತೆಯೇ ಇಲ್ಲ. ಇನ್ನೊಂದು ವಿಚಾರ: ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿಯುವ ರೋಗಿಗಳಿಗೆ 88ರಿಂದ 92 ಶೇಕಡಾ ಆಮ್ಲಜನಕವೇ ಗುರಿ. ಅವರಿಗೆ 99 ಬರುವವರೆಗೆ ಆಮ್ಲಜನಕ ಏರಿಸುವುದು ಉಪಕಾರವಲ್ಲ. ಮಂಪರು ಹತ್ತಿ ಉಸಿರೇ ಕುಗ್ಗಬಹುದು.

ಅಂಕಿಗಳನ್ನು ಒಟ್ಟಿಗೆ ಓದುವುದು

ಕರುಳಿನ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾದ, 60 ಕಿಲೋ ತೂಕದ ರೋಗಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಉಸಿರಾಟ 16, ಆಮ್ಲಜನಕ 97, ಬಿಪಿ 126/78, ನಾಡಿ 84, ತಾಪ 37.2 ಡಿಗ್ರಿ ಸೆಲ್ಸಿಯಸ್ ಇತ್ತು. ಸಂಜೆ ಉಸಿರಾಟ 24, ಆಮ್ಲಜನಕ 94, ಬಿಪಿ 108/70, ನಾಡಿ 112, ತಾಪ 38.3. ಎಚ್ಚರವಾಗಿದ್ದಾರೆ, ಮಾತನಾಡುತ್ತಾರೆ, "ಏನೋ ಒಂಥರಾ ಆಗುತ್ತಿದೆ" ಎನ್ನುತ್ತಾರೆ. ಎರಡು ಗಂಟೆಯಲ್ಲಿ ಮೂತ್ರ 40 ಮಿಲಿಲೀಟರ್.

ಬಿಡಿಬಿಡಿಯಾಗಿ ನೋಡಿದರೆ ಯಾವ ಅಂಕಿಯೂ ಹೆದರಿಸುವುದಿಲ್ಲ. ಸ್ವಲ್ಪ ಜ್ವರ, ಸ್ವಲ್ಪ ನೋವು, ಅದಕ್ಕೇ ನಾಡಿ ಹೆಚ್ಚಿದೆ ಎಂದು ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳಿಕೊಳ್ಳಬಹುದು. ಈ ಸಮಾಧಾನವೇ ಅಪಾಯ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್2 (ರೋಗಿಯ ಸ್ಥಿತಿ ಕೆಡುವುದನ್ನು ಮೊದಲೇ ಎಚ್ಚರಿಸುವ) ಅಂಕಪಟ್ಟಿಯಲ್ಲಿ ಇದನ್ನು ಲೆಕ್ಕ ಹಾಕೋಣ. ಉಸಿರಾಟ 21ರಿಂದ 24ಕ್ಕೆ 2 ಅಂಕ, ಆಮ್ಲಜನಕ 94-95ಕ್ಕೆ 1, ಮೇಲಿನ ಬಿಪಿ 101ರಿಂದ 110ಕ್ಕೆ 1, ನಾಡಿ 111ರಿಂದ 130ಕ್ಕೆ 2, ತಾಪ 38.1ರಿಂದ 39ಕ್ಕೆ 1. ಒಟ್ಟು 7. ಆ ಪಟ್ಟಿಯ ಪ್ರಕಾರ 5 ಬಂದರೆ ತುರ್ತು ಪರಿಶೀಲನೆ, 7 ಅಥವಾ ಹೆಚ್ಚು ಬಂದರೆ ತುರ್ತು ತಂಡವನ್ನೇ ಕರೆಯಬೇಕು. ಯಾವುದಾದರೂ ಒಂದೇ ಸೂಚಕಕ್ಕೆ 3 ಅಂಕ ಬಂದರೂ ತುರ್ತಾಗಿ ನೋಡಿಸಬೇಕು. ಹೊಸ ಗೊಂದಲಕ್ಕೆ 3 ಅಂಕವಿದೆ.

ಮೂತ್ರ ಈ ಪಟ್ಟಿಯಲ್ಲಿಲ್ಲ, ಆದರೂ ಅದೇ ಕಥೆ ಹೇಳುತ್ತಿದೆ. ಗಂಟೆಗೆ ಕಿಲೋಗೆ ಅರ್ಧ ಮಿಲಿಲೀಟರ್ ಎಂದರೆ ಇವರಿಗೆ ಎರಡು ಗಂಟೆಯಲ್ಲಿ ಕನಿಷ್ಠ 60 ಬರಬೇಕಿತ್ತು. ಹೊಲಿಗೆ ಬಿಟ್ಟು ಕರುಳಿನಿಂದ ಸೋರುತ್ತಿರಬಹುದು, ಸೋಂಕು ರಕ್ತಕ್ಕೆ ಹರಡಿರಬಹುದು, ಶ್ವಾಸಕೋಶಕ್ಕೆ ಹೆಪ್ಪು ಹೋಗಿರಬಹುದು. ಯಾವುದು ಎಂದು ನೀವು ಹೆಸರಿಡಬೇಕಾಗಿಲ್ಲ. ಸ್ಥಿತಿ ಕೆಡುತ್ತಿದೆ ಎಂದು ಗುರುತಿಸಿ ಸಹಾಯ ಕರೆಯುವುದು ನಿಮ್ಮ ಹೊಣೆ.

ಸಹಾಯ ಬರುವ ತನಕ: ತಲೆಯ ಭಾಗ ಎತ್ತರಿಸಿ, ನಿಯಮಾವಳಿ ಹೇಳಿದಂತೆ ಆಮ್ಲಜನಕ ಕೊಡಿ, ಕ್ಯಾನುಲಾ (ರಕ್ತನಾಳದೊಳಗೆ ಇಟ್ಟ ಸಣ್ಣ ನಳಿಕೆ) ಕೆಲಸ ಮಾಡುತ್ತಿದೆಯೇ ನೋಡಿ, ಡ್ರೆಸಿಂಗ್ ಮತ್ತು ಡ್ರೇನ್ ಪರೀಕ್ಷಿಸಿ, ಬಾಯಿಗೆ ಏನೂ ಕೊಡಬೇಡಿ, ರಕ್ತದ ಸಕ್ಕರೆ ನೋಡಿ, ಅಳತೆಗಳನ್ನು ಮತ್ತೆ ಮತ್ತೆ ತೆಗೆದುಕೊಳ್ಳಿ. ರೋಗಿಯನ್ನು ಒಂಟಿಯಾಗಿ ಬಿಡಬೇಡಿ.

ಅಂಕ ಕಡಿಮೆಯಿದೆ, ಆದರೆ ರೋಗಿ ಸರಿಯಿಲ್ಲ ಎಂದು ನಿಮ್ಮ ಮನಸ್ಸು ಹೇಳುತ್ತಿದ್ದರೆ? ಕರೆಯಿರಿ. ಅಂಕಪಟ್ಟಿ ನಿಮ್ಮ ಆತಂಕವನ್ನು ಬೆಂಬಲಿಸಲು ಇದೆ, ಬಾಯಿ ಮುಚ್ಚಿಸಲು ಇಲ್ಲ. ಮನೆಯವರು "ಇವರು ಯಾವತ್ತೂ ಹೀಗಿರುವುದಿಲ್ಲ" ಎಂದಾಗಲೂ ಇದೇ ಮಾತು.

ವೈದ್ಯರಿಗೆ ತಿಳಿಸುವ ರೀತಿ

"ಸರ್, ಎಂಟನೆಯ ಹಾಸಿಗೆಯವರಿಗೆ ಸ್ವಲ್ಪ ಜ್ವರ ಬಂದಿದೆ" ಎಂದರೆ "ಪ್ಯಾರಾಸಿಟಮಾಲ್ ಕೊಡಿ" ಎಂಬ ಉತ್ತರ ಬರುತ್ತದೆ. ಉತ್ತರ ಕೊಟ್ಟವರದಷ್ಟೇ ತಪ್ಪಲ್ಲ; ಅವರ ಮುಂದೆ ಪೂರ್ತಿ ಚಿತ್ರವನ್ನೇ ಇಟ್ಟಿರಲಿಲ್ಲ. ಎಸ್‌ಬಿಎಆರ್ ಎಂಬ ಕ್ರಮ ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು. ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ನಾಲ್ಕು ಹಂತಗಳು ಅದರಲ್ಲಿವೆ. ಮೇಲಿನ ರೋಗಿಗೆ ಅದು ಹೀಗಾಗುತ್ತದೆ:

"ಡಾಕ್ಟರ್, ಶಸ್ತ್ರಚಿಕಿತ್ಸಾ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತನಾಡುತ್ತಿದ್ದೇನೆ. ಎಂಟನೆಯ ಹಾಸಿಗೆಯಲ್ಲಿರುವ, ಇಂಥ ಹೆಸರಿನ ರೋಗಿಯ ಸ್ಥಿತಿ ಕೆಡುತ್ತಿದೆ. ಉಸಿರಾಟ 24, ನಾಡಿ 112, ಬಿಪಿ 108/70, ಆಮ್ಲಜನಕ 94, ಜ್ವರ 38.3. ನ್ಯೂಸ್ ಅಂಕ 7. ಎರಡು ದಿನದ ಹಿಂದೆ ಕರುಳಿನ ಶಸ್ತ್ರಚಿಕಿತ್ಸೆಯಾಗಿದೆ, ಬೆಳಿಗ್ಗೆ ಎಲ್ಲವೂ ಸಹಜವಾಗಿತ್ತು, ಎರಡು ಗಂಟೆಯಲ್ಲಿ ಮೂತ್ರ 40 ಮಾತ್ರ. ಸೋಂಕು ರಕ್ತಕ್ಕೆ ಹರಡುತ್ತಿರಬಹುದೆಂದು ನನ್ನ ಆತಂಕ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ರಕ್ತದ ಮಾದರಿಗಳನ್ನು ತೆಗೆದಿಡಲೇ?"

ಹೊಸಬರಿಗೆ ಕಷ್ಟವಾಗುವುದು ಕೊನೆಯ ಹಂತ. ಹಿರಿಯ ವೈದ್ಯರಿಗೆ "ನೀವು ಈಗಲೇ ಬರಬೇಕು" ಎನ್ನುವುದು ಉದ್ಧಟತನವೆಂದು ಅಂಜುತ್ತಾರೆ. ಅಂಜಬೇಡಿ. ಬರಲಾಗದಿದ್ದರೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ, ಅಷ್ಟರಲ್ಲಿ ಏನು ಮಾಡಲಿ ಎಂದು ಕೇಳಿ. ಫೋನಿನಲ್ಲಿ ಕೊಟ್ಟ ಆದೇಶವನ್ನು ಬರೆದುಕೊಂಡು ಅವರಿಗೇ ಓದಿ ಹೇಳಿ, ಹೌದೆನಿಸಿಕೊಳ್ಳಿ. ಉತ್ತರ ಸಮಾಧಾನ ತರದಿದ್ದರೆ ವಾರ್ಡಿನ ಮುಖ್ಯ ನರ್ಸ್, ನಂತರ ಆ ವೈದ್ಯರಿಗಿಂತ ಹಿರಿಯರು, ಹೀಗೆ ಮೇಲಕ್ಕೆ ಹೋಗಿ. ಕರೆ ಮಾಡಿದ ಸಮಯ, ಹೇಳಿದ್ದು, ಬಂದ ಉತ್ತರ ಮೂರನ್ನೂ ಬರೆದಿಡಿ.

ಔಷಧ ಕೊಡುವಾಗ

ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ: ಈ ರೋಗಿಗೆ ಈ ಔಷಧ ಯಾಕೆ? ಉತ್ತರ ಗೊತ್ತಿಲ್ಲದ ಔಷಧವನ್ನು ಕೊಡಬೇಡಿ, ತಿಳಿದುಕೊಂಡು ಕೊಡಿ. ಸಕ್ಕರೆ ಕಾಯಿಲೆಯೇ ಇಲ್ಲದವರ ಚಾರ್ಟಿನಲ್ಲಿ ಇನ್ಸುಲಿನ್ ಕಂಡರೆ ಐದು ಸರಿಗಳೂ ಸರಿಯಾಗಿಯೇ ಇರಬಹುದು, ಆದೇಶವೇ ಬೇರೆಯವರ ಚಾರ್ಟಿಗೆ ಸೇರಬೇಕಾದದ್ದಾಗಿರಬಹುದು.

1. ಆದೇಶ ಓದಿ. ಅಕ್ಷರ ಅರ್ಥವಾಗದಿದ್ದರೆ ಊಹಿಸಬೇಡಿ, ಬರೆದವರನ್ನೇ ಕೇಳಿ. ಅಲರ್ಜಿ ನೋಡಿ.
2. ಔಷಧದ ಹೆಸರನ್ನು ಮೂರು ಬಾರಿ ಓದಿ: ತೆಗೆಯುವಾಗ, ಸಿದ್ಧಪಡಿಸುವಾಗ, ಹಾಸಿಗೆಯ ಬಳಿ ಕೊಡುವ ಮುನ್ನ. ಅವಧಿ ಮುಗಿದಿದೆಯೇ ನೋಡಿ.
3. ಲೆಕ್ಕ ಹಾಕಿ. ಬೇಕಾದ ಪ್ರಮಾಣವನ್ನು ಇರುವ ಪ್ರಮಾಣದಿಂದ ಭಾಗಿಸಿ, ಅದಿರುವ ದ್ರವದ ಅಳತೆಯಿಂದ ಗುಣಿಸಿ. ಆದೇಶ 75 ಮಿಲಿಗ್ರಾಂ, ಆಂಪ್ಯೂಲಿನಲ್ಲಿ 2 ಮಿಲಿಲೀಟರಿಗೆ 50 ಮಿಲಿಗ್ರಾಂ ಇದ್ದರೆ 3 ಮಿಲಿಲೀಟರ್. ಒಬ್ಬ ರೋಗಿಗೆ ಒಂದೇ ಹೊತ್ತಿಗೆ ನಾಲ್ಕೈದು ಆಂಪ್ಯೂಲ್ ಒಡೆಯಬೇಕೆಂದು ಲೆಕ್ಕ ಬಂದರೆ ಅಲ್ಲೇ ನಿಲ್ಲಿ, ದಶಮಾಂಶ ಬಿಂದು ಎಲ್ಲೋ ಜರುಗಿರುವ ಸಾಧ್ಯತೆಯೇ ಹೆಚ್ಚು.
4. ಕೊಡುವ ಮುನ್ನ ನೋಡಬೇಕಾದದ್ದನ್ನು ನೋಡಿ. ಹೃದಯದ ಔಷಧವಾದ ಡಿಗಾಕ್ಸಿನ್‌ಗೆ ಪೂರ್ತಿ ಒಂದು ನಿಮಿಷದ ಎದೆಬಡಿತ. 60ಕ್ಕಿಂತ ಕಡಿಮೆಯಿದ್ದರೆ ತಡೆಹಿಡಿದು ವೈದ್ಯರಿಗೆ ತಿಳಿಸಿ. ಬಿಪಿ ಮಾತ್ರೆಗೆ ಬಿಪಿ. ಇನ್ಸುಲಿನ್‌ಗೆ ರಕ್ತದ ಸಕ್ಕರೆ, ಜೊತೆಗೆ ಊಟ ಬಂದಿದೆಯೇ ಎಂಬುದು. ಮಾರ್ಫಿನ್‌ನಂಥ ನೋವುನಿವಾರಕಕ್ಕೆ ಉಸಿರಾಟದ ದರ ಮತ್ತು ಮಂಪರು; ಮಾತನಾಡುತ್ತಲೇ ನಿದ್ದೆಗೆ ಜಾರುತ್ತಿದ್ದರೆ ನೋವು ಎಂದರೂ ಮತ್ತೊಂದು ಪ್ರಮಾಣ ಕೊಡಬೇಡಿ, ತಿಳಿಸಿ.
5. ಮಾತ್ರೆ ನುಂಗುವವರೆಗೆ ಅಲ್ಲೇ ಇರಿ. ಮೇಜಿನ ಮೇಲೆ ಇಟ್ಟು ಬರಬೇಡಿ.
6. ಕೊಟ್ಟ ಕೂಡಲೇ ಸಹಿ ಮಾಡಿ. ಮೊದಲೇ ಸಹಿ ಮಾಡುವುದು ಬೇಡ.
7. ಫಲ ನೋಡಲು ಮರಳಿ ಹೋಗಿ. ರಕ್ತನಾಳಕ್ಕೆ ಕೊಟ್ಟ ನೋವುನಿವಾರಕವಾದರೆ 15ರಿಂದ 30 ನಿಮಿಷದಲ್ಲಿ, ಮಾತ್ರೆಯಾದರೆ ಸುಮಾರು ಒಂದು ಗಂಟೆಯಲ್ಲಿ.

ಕೆಲವು ಔಷಧಗಳಿಗೆ ಹೆಚ್ಚಿನ ಜಾಗ್ರತೆ ಬೇಕು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಮಾರ್ಫಿನ್ ಬಳಗ, ಸಾಂದ್ರ ಪೊಟ್ಯಾಸಿಯಮ್ ಕ್ಲೋರೈಡ್ ಇವನ್ನು ಇನ್ನೊಬ್ಬ ನರ್ಸ್ ಪ್ರತ್ಯೇಕವಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ನಿಮ್ಮ ಉತ್ತರ ತೋರಿಸಿ "ಸರಿಯಿದೆಯಲ್ಲ?" ಎಂದು ಕೇಳಿದರೆ ಅದು ತಾಳೆ ನೋಡಿದಂತಾಗಲಿಲ್ಲ. ಸಾಂದ್ರ ಪೊಟ್ಯಾಸಿಯಮ್ ಅನ್ನು ಸಿರಿಂಜಿನಿಂದ ನೇರ ರಕ್ತನಾಳಕ್ಕೆ ಎಂದೂ ಕೊಡಬಾರದು, ಹೃದಯ ನಿಲ್ಲುತ್ತದೆ. ಇನ್ಸುಲಿನ್ನನ್ನು ಇನ್ಸುಲಿನ್ ಸಿರಿಂಜಿನಲ್ಲೇ ಎಳೆಯಿರಿ. ಬರೆಯುವಾಗ 'ಯೂನಿಟ್' ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ಒಂಟಿ ಅಕ್ಷರ 'U' ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. ಹಾಗೆಯೇ 5.0 ಎಂದು ಬರೆಯಬೇಡಿ, 5 ಸಾಕು. ಅರ್ಧಕ್ಕೆ 0.5 ಎಂದು ಮುಂದಿನ ಸೊನ್ನೆ ಸಹಿತ ಬರೆಯಿರಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು. ದಿನವಿಡೀ ಸೇರಬೇಕಾದದ್ದು ಒಮ್ಮೆಲೇ ಸೇರಿಬಿಡುತ್ತದೆ.

ಬೇರೊಬ್ಬರು ಸಿರಿಂಜಿಗೆ ಎಳೆದಿಟ್ಟ ಔಷಧವನ್ನು ನೀವು ಕೊಡಬೇಡಿ. ಚೀಟಿ ಅಂಟಿಸದ ಸಿರಿಂಜ್ ಕಂಡರೆ ಎಸೆಯಿರಿ. ಔಷಧ ಸಿದ್ಧಪಡಿಸುವಾಗ ಯಾರಾದರೂ ಮಾತಿಗೆ ಎಳೆದರೆ ಸ್ವಲ್ಪ ಇರಿ ಎಂದು ಹೇಳುವುದನ್ನು ರೂಢಿಸಿಕೊಳ್ಳಿ.

"ಸಿಸ್ಟರ್, ನಾನು ಯಾವಾಗಲೂ ಬಿಳಿ ಮಾತ್ರೆ ತೆಗೆದುಕೊಳ್ಳುವುದು, ಇದು ಗುಲಾಬಿ ಬಣ್ಣದ್ದು" ಎಂದು ರೋಗಿ ಹೇಳಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಕಂಪನಿ ಬದಲಾಗಿರಬಹುದು, ನಿಜ. ಆದರೆ ಔಷಧವೇ ತಪ್ಪಾಗಿದ್ದರೆ ಅದನ್ನು ತಡೆಯುವ ಕೊನೆಯ ಕಾವಲು ರೋಗಿಯೇ. ವಾಪಸ್ ಹೋಗಿ ಆದೇಶ ನೋಡಿ, ಬಂದು ಉತ್ತರ ಹೇಳಿ, ಆಮೇಲೆ ಕೊಡಿ. ರೋಗಿ ಬೇಡವೆಂದರೆ ಕಾರಣ ಕೇಳಿ, ತೆಗೆದುಕೊಳ್ಳದಿದ್ದರೆ ಏನಾಗಬಹುದೆಂದು ವಿವರಿಸಿ. ಆಗಲೂ ಬೇಡವೆಂದರೆ ಅದು ಅವರ ಹಕ್ಕು. ಬರೆದಿಟ್ಟು ವೈದ್ಯರಿಗೆ ತಿಳಿಸಿ.

ಇಂಜೆಕ್ಷನ್ನಿನ ಕೋನ: ಸ್ನಾಯುವಿಗೆ 90 ಡಿಗ್ರಿ, ಚರ್ಮದಡಿಗೆ 45ರಿಂದ 90, ಚರ್ಮದ ಪದರದೊಳಕ್ಕೆ 10ರಿಂದ 15. ಪೃಷ್ಠದ ಹಿಂಭಾಗಕ್ಕೆ ಚುಚ್ಚಿದರೆ ಸಯಾಟಿಕ್ ನರಕ್ಕೆ ಏಟು ಬೀಳುವ ಭಯವಿದೆ. ಸೊಂಟದ ಪಕ್ಕದ ಸ್ನಾಯು ಸುರಕ್ಷಿತ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗದೆ ನೇರ ಸೂಜಿ ಡಬ್ಬಕ್ಕೆ ಹಾಕಿ.

ಡ್ರಿಪ್ ಮತ್ತು ರಕ್ತ

ಒಂದು ಲೀಟರ್ ದ್ರಾವಣ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿಲಿಲೀಟರಿಗೆ 20 ಹನಿ ಎಂದುಕೊಳ್ಳಿ. 1000ವನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಹಿಂದೆ ಬಿದ್ದ ಡ್ರಿಪ್ಪನ್ನು ವೇಗ ಹೆಚ್ಚಿಸಿ ಸರಿದೂಗಿಸುವ ಅಭ್ಯಾಸ ಅಪಾಯಕಾರಿ. ಹೃದಯ, ಮೂತ್ರಪಿಂಡ ದುರ್ಬಲವಿದ್ದವರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕ್ಯಾನುಲಾ ಜಾಗ ಕೆಂಪಾಗಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದ ಉರಿಯೂತ, ಊದಿ ತಣ್ಣಗೆ ಬಿಳಿಚಿಕೊಂಡಿದ್ದರೆ ದ್ರಾವಣ ಹೊರಗೆ ಸೋರಿದೆ. ಎರಡರಲ್ಲೂ ಮೊದಲು ಡ್ರಿಪ್ ನಿಲ್ಲಿಸಿ. ಸಾಮಾನ್ಯ ದ್ರಾವಣವಾದರೆ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಿ. ಅಂಗಾಂಶವನ್ನು ಸುಡುವಂಥ ಔಷಧ ಸೋರಿದ್ದರೆ ತೆಗೆಯುವ ಮೊದಲೇ ವೈದ್ಯರಿಗೆ ತಿಳಿಸಿ.

ರಕ್ತ ಕೊಡುವಾಗ ಇಬ್ಬರು ಹಾಸಿಗೆಯ ಪಕ್ಕದಲ್ಲೇ ನಿಂತು ರೋಗಿಯ ಗುರುತು, ರಕ್ತದ ಗುಂಪು, ಚೀಲದ ಸಂಖ್ಯೆ, ಅವಧಿ ತಾಳೆ ನೋಡಿ. ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ಅಲ್ಲೇ ಇರಿ. ತೀವ್ರ ಪ್ರತಿಕ್ರಿಯೆಗಳು ಹೆಚ್ಚಾಗಿ ಆಗಲೇ ಕಾಣಿಸಿಕೊಳ್ಳುತ್ತವೆ. ಅದೇ ನಳಿಕೆಯಲ್ಲಿ ನಾರ್ಮಲ್ ಸಲೈನ್ ಹೊರತು ಬೇರೇನೂ ಬೇಡ. 4 ಗಂಟೆಯೊಳಗೆ ಮುಗಿಯಬೇಕು. ಚಳಿ, ಜ್ವರ, ಬೆನ್ನುನೋವು, ಉಬ್ಬಸ ಏನೇ ಬಂದರೂ ಮೊದಲು ರಕ್ತ ನಿಲ್ಲಿಸಿ, ಹೊಸ ಸೆಟ್ಟಿನಲ್ಲಿ ಸಲೈನ್ ಹಾಕಿ ನಾಳ ತೆರೆದಿಡಿ, ಆಮೇಲೆ ಫೋನ್ ಮಾಡಿ. ಚೀಲವನ್ನು ಎಸೆಯದೆ ರಕ್ತನಿಧಿಗೆ ಕಳುಹಿಸಿ.

ಚರ್ಮ, ಚಲನೆ, ಆಹಾರ

ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಿ, ಪಕ್ಕಕ್ಕೆ 30 ಡಿಗ್ರಿ ವಾಲಿಸಿ. ಹೊರಳಿಸಿದಾಗಲೆಲ್ಲ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ. ಬಿಳಿಚಿಕೊಳ್ಳದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಆದ್ದರಿಂದ ಮುಟ್ಟಿ ಬಿಸಿಯೋ, ಗಟ್ಟಿಯೋ, ಮೆತ್ತಗಿದೆಯೋ ನೋಡಿ. ಆ ಜಾಗವನ್ನು ತಿಕ್ಕಬೇಡಿ, ಒಳಗಿನ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟು ಬೀಳುತ್ತದೆ. ರೋಗಿಯನ್ನು ಎಳೆಯದೆ ಇಬ್ಬರು ಸೇರಿ ಬಟ್ಟೆಯ ಮೇಲೆ ಎತ್ತಿ ಸರಿಸಿ.

ಬಹಳ ದಿನ ಮಲಗಿದ್ದವರನ್ನು ಎಬ್ಬಿಸುವಾಗ ಮೊದಲು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ನಡೆಸುವುದು ಬೇಡ. ಒಂದು ಬದಿ ಬಿದ್ದುಹೋಗಿದ್ದರೆ ಗಾಲಿಕುರ್ಚಿಯನ್ನು ಬಲವಿರುವ ಬದಿಗೆ ಇಡಿ, ಬ್ರೇಕ್ ಹಾಕಿ. ಬೀಳುತ್ತಿರುವವರನ್ನು ಎತ್ತಿ ಹಿಡಿಯಲು ಹೋಗದೆ ನಿಮ್ಮ ಮೈಗೆ ಒರಗಿಸಿ ಮೆಲ್ಲಗೆ ನೆಲಕ್ಕೆ ಇಳಿಸಿ, ತಲೆ ಕಾಯಿರಿ.

ಪಾರ್ಶ್ವವಾಯು ಹೊಡೆದವರಿಗೆ ನುಂಗುವ ಪರೀಕ್ಷೆ ಆಗುವ ತನಕ ಒಂದು ಗುಟುಕು ನೀರೂ ಕೂಡದು. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ನಂತರವೂ ಅರ್ಧ ಗಂಟೆ ಮಲಗಿಸಬೇಡಿ. ಮೂಗಿನ ನಳಿಕೆ ಹಾಕಿದ ಮೇಲೆ ಎಕ್ಸ್‌ರೇಯಿಂದ ಖಚಿತಪಡಿಸಿಕೊಳ್ಳಿ ಅಥವಾ ನಿಯಮಾವಳಿಯಂತೆ ಜಠರರಸದ ಪಿಎಚ್ 5.5 ಅಥವಾ ಕಡಿಮೆಯಿದೆಯೇ ನೋಡಿ. ಗಾಳಿ ಊದಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ. ನಳಿಕೆ ಶ್ವಾಸಕೋಶದಲ್ಲಿದ್ದಾಗಲೂ ಅದೇ ಸದ್ದು ಕೇಳಿಸುತ್ತದೆ.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು ರೋಗಿ ಎಚ್ಚರವಾಗಿದ್ದರೆ 15 ಗ್ರಾಂ ಗ್ಲೂಕೋಸ್ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಹಾಕದೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಿಸಿ, ಅಥವಾ ಸಕ್ಕರೆ ಏರಿಸುವ ಗ್ಲೂಕಗಾನ್ ಇಂಜೆಕ್ಷನ್ ಕೊಡಿಸಿ.

ಮೂತ್ರದ ಕ್ಯಾಥೆಟರ್ ಬಗ್ಗೆ ಒಂದೇ ಮಾತು. ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಮತ್ತು ಇದು ಇಂದೂ ಬೇಕೇ ಎಂದು ಪ್ರತಿದಿನ ವೈದ್ಯರನ್ನು ಕೇಳಿ.

ಒಂದೇ ಹೊತ್ತಿಗೆ ನಾಲ್ವರಿಗೆ ನೀವು ಬೇಕಾದರೆ

ಒಬ್ಬರಿಗೆ ಶಸ್ತ್ರಚಿಕಿತ್ಸೆಯ ಗಾಯ ನೋಯುತ್ತಿದೆ. ಇನ್ನೊಬ್ಬರಿಗೆ ಮನೆಗೆ ಹೋಗುವ ಕಾಗದಪತ್ರ ಬೇಕು. ಬೆಳಿಗ್ಗೆ ಮೊದಲ ಬಾರಿಗೆ ಬಿಪಿ ಮಾತ್ರೆ ತೆಗೆದುಕೊಂಡ ವೃದ್ಧೆ ಶೌಚಾಲಯಕ್ಕೆ ಹೊರಟು ನಿಂತಿದ್ದಾರೆ. ಒಂದು ಗಂಟೆಯ ಹಿಂದೆ ಜೋರಾಗಿ ಉಬ್ಬಸಪಡುತ್ತಿದ್ದ ಆಸ್ತಮಾ ರೋಗಿ ಈಗ ಸದ್ದಿಲ್ಲದೆ ಕಣ್ಣು ಮುಚ್ಚಿದ್ದಾರೆ. ಮಗ "ಈಗ ಪರವಾಗಿಲ್ಲ, ನಿದ್ದೆ ಹತ್ತಿದೆ" ಎನ್ನುತ್ತಾನೆ.

ಕರೆಯದೇ ಇರುವ ಕೊನೆಯವರ ಬಳಿಗೇ ಮೊದಲು ಓಡಬೇಕು. ಗಾಳಿ ಚಲಿಸುತ್ತಿದ್ದರೆ ತಾನೇ ಸದ್ದು? ಉಬ್ಬಸ ನಿಂತು ಮಂಪರು ಬಂದರೆ ಉಸಿರಾಡುವ ಶಕ್ತಿಯೇ ಸೋಲುತ್ತಿರಬಹುದು. ಓಡುತ್ತಲೇ ಸಹಾಯಕಿಯನ್ನು ವೃದ್ಧೆಯ ಬಳಿಗೆ ಕಳುಹಿಸಿ, ಅವರನ್ನು ಮತ್ತೆ ಕೂರಿಸಲು ಹೇಳಿ. ನೋವಿನವರಿಗೆ ಎಷ್ಟು ಹೊತ್ತಿನಲ್ಲಿ ಬರುತ್ತೇನೆಂದು ತಿಳಿಸಿ. ಕಾಗದಪತ್ರ ಕೊನೆಗೆ.

ಕೆಲಸ ಹಂಚುವಾಗ ಒಂದು ಗೆರೆ ಹಾಕಿಕೊಳ್ಳಿ. ಸ್ಥಿರವಾಗಿರುವ ರೋಗಿಯ ಸ್ನಾನ, ಊಟ, ಅಳತೆಗಳನ್ನು ತರಬೇತಾದ ಸಹಾಯಕರಿಗೆ ಕೊಡಬಹುದು. ಮೊದಲ ಪರೀಕ್ಷೆ, ಅರ್ಥೈಸುವುದು, ರೋಗಿಗೆ ತಿಳಿಹೇಳುವುದು, ಫಲ ನಿರ್ಣಯ ನಿಮ್ಮವೇ. "ಬಿಪಿ ನೋಡಿ" ಎಂದಷ್ಟೇ ಹೇಳಿ ಕಳುಹಿಸದೆ "ಮೇಲಿನದು 100ಕ್ಕಿಂತ ಕಡಿಮೆಯಿದ್ದರೆ ಕೂಡಲೇ ಬಂದು ನನಗೆ ಹೇಳಿ" ಎಂದು ಮಿತಿ ಸಹಿತ ಹೇಳಿ.

ದಾಖಲೆ

ಕಂಡದ್ದನ್ನು, ಮಾಡಿದ್ದನ್ನು, ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ, ಸಮಯ ಸಹಿತ ಬರೆಯಿರಿ. "ರೋಗಿ ಚೆನ್ನಾಗಿದ್ದಾರೆ" ಎಂಬ ವಾಕ್ಯದಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. "ಡ್ರೆಸಿಂಗ್ ಒಣಗಿದೆ, ನೋವು ಹತ್ತಕ್ಕೆ ಮೂರು, ಇಬ್ಬರ ಆಸರೆಯಲ್ಲಿ ಬಾಗಿಲವರೆಗೆ ನಡೆದರು" ಎಂದರೆ ನಾಳೆ ಹೋಲಿಸಿ ನೋಡಬಹುದು. ತಪ್ಪು ಬರೆದರೆ ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ಸಮಯ ಹಾಕಿ. ಬಳಿದು ಮುಚ್ಚಬೇಡಿ.

ಔಷಧ ತಪ್ಪಾಗಿ ಹೋದರೆ ಮೊದಲು ರೋಗಿಯನ್ನು ಪರೀಕ್ಷಿಸಿ, ವೈದ್ಯರಿಗೆ ತಿಳಿಸಿ, ನಿಗಾ ಇಡಿ. ಘಟನಾ ವರದಿ ಅದಾದ ಮೇಲೆ. ರೋಗಿಯನ್ನು ತಲುಪುವ ಮೊದಲೇ ಸಿಕ್ಕಿಬಿದ್ದ ತಪ್ಪುಗಳನ್ನೂ ವರದಿ ಮಾಡಿ: ಒಂದೇ ರೀತಿ ಕಾಣುವ ಎರಡು ವಯಲ್‌ಗಳು ಒಂದೇ ಖಾನೆಯಲ್ಲಿವೆ ಎಂದು ನೀವು ಇಂದು ಬರೆದುಕೊಟ್ಟರೆ, ರಾತ್ರಿ ಪಾಳಿಗೆ ಬರುವವರ ಕೈಗೆ ತಪ್ಪಾದದ್ದು ಸಿಗುವ ಮೊದಲೇ ಅವನ್ನು ಬೇರೆ ಬೇರೆ ಖಾನೆಗೆ ಸರಿಸಬಹುದು.